ಅಡುಗೆಮನೆಯ ಗ್ಯಾಸಿಗೆ ಹೊಸ ಮೂಗು: ಗ್ರ್ಯಾಫೀನ್



ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ. ಲೀಕ್ ಆದರೆ ತಿಳಿಯಲೆಂದು ಮರ್‌ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಅದಕ್ಕೆ ಸೇರಿಸುತ್ತಾರೆ. ಆದರೆ ದಿನವಿಡೀ ಒಗ್ಗರಣೆಯ ಘಾಟಿನಲ್ಲಿ ನಿಂತವನ ಮೂಗಿಗೆ ಅದು ಗೊತ್ತಾಗದೆ ಹೋಗಬಹುದು. ರಾತ್ರಿ ಹೋಟೆಲಿನಲ್ಲೇ ಮಲಗುವ ಹುಡುಗರ ಮೂಗು ನಿದ್ದೆಯಲ್ಲಿರುತ್ತದೆ. ಗಾಳಿಯಲ್ಲಿ ಸುಮಾರು 2 ಶೇಕಡಾ ಎಲ್‌ಪಿಜಿ ಸೇರಿದರೆ ಒಂದು ಕಿಡಿ ಸಾಕು. ಆದ್ದರಿಂದ ಡಿಟೆಕ್ಟರ್ ಬೇಕೇ ಬೇಕು.

ಈಗಿನ ಡಿಟೆಕ್ಟರ್: ಸಾಮಾನ್ಯವಾಗಿ ಇದರೊಳಗೆ ಟಿನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಪುಟ್ಟ ಹೀಟರ್ ಅದನ್ನು ಕೆಲವು ನೂರು ಡಿಗ್ರಿ ಬಿಸಿಯಲ್ಲಿಡುತ್ತದೆ. ಗ್ಯಾಸ್ ತಾಗಿದಾಗ ಅದರಲ್ಲಿ ಹರಿಯುವ ಕರೆಂಟ್ ಬದಲಾಗಿ ಅಲಾರಂ ಕೂಗುತ್ತದೆ. ಹೀಟರಿಗೆ ಸದಾ ಕರೆಂಟ್ ಬೇಕು.

ಗ್ರ್ಯಾಫೀನ್ ಎಂದರೇನು: ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಚಿರೋಟಿಯ ಹಾಗೆ ಪದರು ಪದರು. ಅದರ ಒಂದೇ ಪದರು, ಅಂದರೆ ಒಂದು ಕಾರ್ಬನ್ ಅಣುವಿನಷ್ಟು ದಪ್ಪದ ಹಾಳೆಯೇ ಗ್ರ್ಯಾಫೀನ್. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಎಂಬ ವಿಜ್ಞಾನಿಗಳು ಅಂಟುಟೇಪಿನಿಂದ ಈ ಪದರನ್ನು ಎಬ್ಬಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು.

ದಪ್ಪ ಗ್ರಾಫೈಟಿನಲ್ಲಿ ಗ್ಯಾಸ್ ಮೇಲಿನ ಪದರಿಗೆ ಮಾತ್ರ ತಾಗುತ್ತದೆ. ಒಳಪದರುಗಳಲ್ಲಿ ಕರೆಂಟ್ ಎಂದಿನಂತೆ ಹರಿಯುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಪದರಾದರೆ ಎಲ್ಲವೂ ಮೇಲ್ಮೈ. ಕೆಲವು ಗ್ಯಾಸ್ ಅದರಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ; ಅಮೋನಿಯಾದಂಥವು ಕೊಡುತ್ತವೆ. ಕೂಡಲೇ ಕರೆಂಟ್ ಏರುಪೇರಾಗುತ್ತದೆ. 2007ರಲ್ಲಿ ಮ್ಯಾಂಚೆಸ್ಟರಿನವರು ನೈಟ್ರೋಜನ್ ಡೈಆಕ್ಸೈಡಿನ ಒಂದೊಂದೇ ಕಣವನ್ನು ಹೀಗೆ ಪತ್ತೆ ಹಚ್ಚಿ ತೋರಿಸಿದರು.

ನಮಗೇನು ಲಾಭ: ಈ ಪದರು ಹೀಟರ್ ಇಲ್ಲದೆ, ಸಾಧಾರಣ ಬಿಸಿಯಲ್ಲೇ ಕೆಲಸ ಮಾಡಬಲ್ಲದು. ಕರೆಂಟ್ ತೀರಾ ಕಡಿಮೆ ಸಾಕು. ಬ್ಯಾಟರಿಯಲ್ಲೇ ರಾತ್ರಿಯಿಡೀ ಕಾವಲು ಕಾಯಬಹುದು.

ತೊಡಕೇನು: ಇಡ್ಲಿ ಸ್ಟೀಮರಿನ ಹಬೆಯೂ ಈ ಪದರಿಗೆ ತಾಗುತ್ತದೆ. ಯಾವುದು ಹಬೆ, ಯಾವುದು ಗ್ಯಾಸ್ ಎಂದು ಬೇರ್ಪಡಿಸುವುದು ಕಷ್ಟ. ಮೇಲಾಗಿ ಎಲ್‌ಪಿಜಿಯ ಪ್ರೊಪೇನ್, ಬ್ಯೂಟೇನ್‌ಗಳು ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವುದರಲ್ಲಿ ಬಲು ಮಂದ. ಅದಕ್ಕೇ ಸಂಶೋಧಕರು ಗ್ರ್ಯಾಫೀನ್ ಜತೆ ಟಿನ್ ಆಕ್ಸೈಡಿನಂಥವನ್ನು ಸೇರಿಸಿ ನೋಡುತ್ತಿದ್ದಾರೆ. ಯಾರಾದರೂ ಗ್ರ್ಯಾಫೀನ್ ಎಂಬ ಹೆಸರು ಹೇಳಿ ಡಿಟೆಕ್ಟರ್ ಮಾರಲು ಬಂದರೆ ಕೇಳಿ: ಯಾವ ಗ್ಯಾಸಿಗೆ? ಎಷ್ಟು ಪ್ರಮಾಣಕ್ಕೆ ಕೂಗುತ್ತದೆ? ಹಬೆಯಲ್ಲಿ ಪರೀಕ್ಷೆ ಆಗಿದೆಯೇ? ಉತ್ತರ ಬಾರದಿದ್ದರೆ ಹಣ ಕೊಡಬೇಡಿ.

ಅಲ್ಲಿಯವರೆಗೆ ನಾವು ಮಾಡಬೇಕಾದದ್ದು:

1. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಡಿಟೆಕ್ಟರ್ ನೆಲದಿಂದ ಒಂದಡಿ ಎತ್ತರದಲ್ಲಿರಲಿ. ಪೈಪ್‌ಲೈನ್ ಗ್ಯಾಸ್ ಹಗುರ, ಅದಕ್ಕೆ ಚಾವಣಿಯ ಹತ್ತಿರ. ಸಿಲಿಂಡರಿನಿಂದ ಪೈಪಿಗೆ ಬದಲಾಯಿಸಿದವರು ಇದನ್ನೂ ಬದಲಾಯಿಸಬೇಕು.

2. ರಾತ್ರಿ ಮೇನ್ ಸ್ವಿಚ್ ಆಫ್ ಮಾಡಿದರೆ ಡಿಟೆಕ್ಟರೂ ಮಲಗುತ್ತದೆ. ಅದಕ್ಕೆ ಪ್ರತ್ಯೇಕ ಲೈನ್ ಹಾಕಿಸಿ.

3. ಇದ್ದಿಲಿನ ತಂದೂರ್ ಇದ್ದರೆ ಕಾರ್ಬನ್ ಮೊನಾಕ್ಸೈಡಿಗೆ ಬೇರೆಯೇ ಡಿಟೆಕ್ಟರ್ ಬೇಕು. ಅದಕ್ಕೆ ವಾಸನೆಯೇ ಇಲ್ಲ.

4. ಅಲಾರಂ ಕೂಗಿದರೆ ಎಕ್ಸಾಸ್ಟ್ ಸಹಿತ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ವಾಲ್ವ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಬಂದ ಮೇಲೆ ಫೋನ್ ಮಾಡಿ. ಎಲ್‌ಪಿಜಿಗೆ 1906.

ಇದನ್ನು ಹುಡುಗರಿಗೆ ಅವರ ಭಾಷೆಯಲ್ಲೇ ಹೇಳಿಕೊಡಿ. ರಾತ್ರಿ ಅಲ್ಲಿ ಮಲಗುವವರು ಅವರು.