ಡೈನೋಸಾರ್ ಬೊಂಬೆಗಳ ಸಂಗ್ರಹ: ಒಂದು ವಸ್ತುಪಾಠ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಸೀಮೆಯ ಮಕ್ಕಳು ಕಲ್ಲಿನ ಮೇಲೆಯೇ ನಡೆಯಲು ಕಲಿತವರು. ಮನೆಯ ನೆಲವೂ ಶಾಲೆಯ ಪಡಸಾಲೆಯೂ ಶಹಾಬಾದಿ ಹಾಸುಗಲ್ಲಿನವು. ವಾಡಿಯ ಸಿಮೆಂಟಿಗೂ ಸುಣ್ಣದ ಕಲ್ಲೇ ಮೂಲವು. ಹೀಗಿರಲು, ಅಂಗಡಿಯಿಂದ ತಂದ ಡೈನೋಸಾರ್ ಬೊಂಬೆಯನ್ನು ಕೈಯಲ್ಲಿ ಹಿಡಿದ ಬಾಲಕಿಯು, "ನಮ್ಮ ಗಣಿಯಲ್ಲಿಯೂ ಇದರ ಎಲುಬು ಸಿಕ್ಕೀತೇ?" ಎಂದು ಕೇಳುವುದು ಸಹಜವು. ಇದಕ್ಕೆ ಉತ್ತರ ಕೊಡಬಲ್ಲ ಸಂಗ್ರಹವೇ ಒಳ್ಳೆಯ ಸಂಗ್ರಹವೆಂದು ನಾವು ತಿಳಿಯುತ್ತೇವೆ. ಮಕ್ಕಳು ಓದಿದ್ದನ್ನು ಮರೆತಾರು. ಕೈಯಿಂದ ಮುಟ್ಟಿ ಆಡಿದ್ದನ್ನು ಮರೆಯರು. ಆದುದರಿಂದ ಸ್ವಲ್ಪವೇ ಹಣವಿದ್ದರೂ ಬೊಂಬೆಗಳನ್ನು ವಿಚಾರಿಸಿ ಆರಿಸಬೇಕು. ನೋಡತಕ್ಕ ಸಂಗತಿಗಳು ಐದು.

1. ಜಾತಿ. ಡೈನೋಸಾರ್‌ಗಳೆಂದು ಒಂದೇ ಚೀಲದಲ್ಲಿ ಮಾರುವವುಗಳೆಲ್ಲವೂ ಡೈನೋಸಾರ್‌ಗಳಲ್ಲ. ತೊಗಲಿನ ರೆಕ್ಕೆಯ ಟೆರೋಸಾರ್‌ಗಳೂ, ಸಮುದ್ರದಲ್ಲಿ ಈಜುತ್ತಿದ್ದ ಪ್ಲೀಸಿಯೋಸಾರ್‌ಗಳೂ ಬೇರೆ ಕುಲದವು. ಬೆನ್ನಿನ ಮೇಲೆ ಹಾಯಿಯಂತಹ ಅಂಗವುಳ್ಳ ಡೈಮಿಟ್ರೋಡಾನ್ ಎಂಬುದು ಡೈನೋಸಾರ್‌ಗಳಿಗಿಂತ ಮೊದಲೇ ಬಾಳಿ ಅಳಿದದ್ದು. ಇವುಗಳನ್ನು ಎಸೆಯಬೇಕಾಗಿಲ್ಲ; ಬೇರೆ ಅರೆಯಲ್ಲಿ ಇಟ್ಟರೆ ಸಾಕು.

2. ನಿಲುವು. ಡೈನೋಸಾರ್‌ನ ಕಾಲುಗಳು ಹಲ್ಲಿಯ ಕಾಲುಗಳಂತೆ ಪಕ್ಕಕ್ಕೆ ಚಾಚಿದವುಗಳಲ್ಲ. ಕಂಬಗಳಂತೆ ದೇಹದ ಕೆಳಗೆ ನೇರವಾಗಿ ನಿಂತವು. ಕಲ್ಲಿನಲ್ಲಿ ಉಳಿದಿರುವ ಅವುಗಳ ಹೆಜ್ಜೆಗಳ ನಡುವೆ ಬಾಲ ಎಳೆದ ಗೀರು ಬಹು ಅಪರೂಪವಾಗಿರುವುದರಿಂದ, ಅವು ಬಾಲವನ್ನು ಎತ್ತಿ ನಡೆಯುತ್ತಿದ್ದವೆಂದು ತಿಳಿಯುತ್ತದೆ. ಟೈರನೋಸಾರಸ್‌ನ ಕೈಗೆ ಎರಡೇ ಬೆರಳುಗಳಿರಬೇಕು. ಅಂಗೈಗಳು ಚಪ್ಪಾಳೆ ತಟ್ಟುವಂತೆ ಒಂದಕ್ಕೊಂದು ಎದುರಾಗಿರಬೇಕು. ಲಂಡನ್ನಿನ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯಕ್ಕಾಗಿ ಇನ್‌ವಿಕ್ಟಾ ಕಂಪೆನಿಯು 1974ರಿಂದ ಮಾಡಿದ ಬೊಂಬೆಗಳಲ್ಲಿ ಟೈರನೋಸಾರಸ್ ನೆಟ್ಟಗೆ ನಿಂತು ಬಾಲವನ್ನು ನೆಲಕ್ಕೆ ಊರಿದೆ. ಅಂಥ ಹಳೆಯ ಬೊಂಬೆಯೊಂದು ದೊರೆತರೆ ಹೊಸದರ ಪಕ್ಕದಲ್ಲಿಡಿರಿ. ಜ್ಞಾನವು ತನ್ನನ್ನು ತಾನೇ ತಿದ್ದಿಕೊಳ್ಳುವ ರೀತಿಯನ್ನು ಅವೆರಡೂ ಕೂಡಿ ಕಲಿಸುವವು.

3. ಅಳತೆ. ಅಂಗೈಯಷ್ಟೇ ಇರುವ ಎಲ್ಲ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿದರೆ ಎಲ್ಲವೂ ಒಂದೇ ಗಾತ್ರದವೆಂಬ ಭ್ರಮೆ ಹುಟ್ಟುವುದು. ಒಂದೇ ಪ್ರಮಾಣದವುಗಳನ್ನು ಕೊಳ್ಳುವುದು ಲೇಸು. 1988ರಿಂದ 2015ರ ವರೆಗೆ ಅಮೇರಿಕದ ಸಫಾರಿ ಕಂಪೆನಿಯು ಕಾರ್ನೆಗಿ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಮಾಡಿದ ಬೊಂಬೆಗಳಲ್ಲಿ ಹೆಚ್ಚಿನವು ನಲವತ್ತನೆಯ ಒಂದಂಶದ ಪ್ರಮಾಣದವು. ಆ ಲೆಕ್ಕದಲ್ಲಿ 12 ಮೀಟರಿನ ಟೈರನೋಸಾರಸ್ 30 ಸೆಂಟಿಮೀಟರ್ ಆಗುವುದು; ಒಂದೂವರೆ ಮೀಟರ್ ಎತ್ತರದ ವಿದ್ಯಾರ್ಥಿನಿಯು 4 ಸೆಂಟಿಮೀಟರಿಗೂ ಕಡಿಮೆ! ಅಷ್ಟೆತ್ತರದ ಹುಡುಗಿಯನ್ನು ಕಾಗದದಲ್ಲಿ ಕತ್ತರಿಸಿ ಬೊಂಬೆಯ ಬಳಿ ನಿಲ್ಲಿಸಿದರೆ ಪಾಠವು ತಾನೇ ಮನಸ್ಸಿಗೆ ಹತ್ತುವುದು.

4. ಕಾಲ. ಸ್ಟೆಗೋಸಾರಸ್ ಬಾಳಿದ್ದು ಸುಮಾರು 15 ಕೋಟಿ ವರ್ಷಗಳ ಹಿಂದೆ. ಟೈರನೋಸಾರಸ್ ಸುಮಾರು 6.7 ಕೋಟಿ ವರ್ಷಗಳ ಹಿಂದೆ. ಇವೆರಡೂ ಕಾದಾಡುವ ಚಿತ್ರಗಳು ಸುಳ್ಳು. ಟೈರನೋಸಾರಸ್ ಕಾಲಕ್ಕೆ ಸ್ಟೆಗೋಸಾರಸ್‌ಗಿಂತ ನಾವೇ ಸಮೀಪದವರು. ಕೋಟಿ ವರ್ಷಕ್ಕೆ 10 ಸೆಂಟಿಮೀಟರಿನಂತೆ ಗೋಡೆಯ ಉದ್ದಕ್ಕೂ ಒಂದು ದಾರವನ್ನು ಕಟ್ಟಿರಿ. 66 ಸೆಂಟಿಮೀಟರಿನಲ್ಲಿ ಚಿಂಚೋಳಿಯ ಕಡೆಯ ಕರಿಗಲ್ಲಿನ ತುಂಡನ್ನಿಡಿರಿ. ದಕ್ಖನಿನ ಲಾವಾ ಹರಿದದ್ದೂ, ಹಕ್ಕಿಗಳನ್ನುಳಿದು ಡೈನೋಸಾರ್‌ಗಳು ಅಳಿದದ್ದೂ ಹೆಚ್ಚು ಕಡಿಮೆ ಆ ಕಾಲದಲ್ಲಿಯೇ. ಡೈನೋಸಾರ್‌ಗಳ ಆರಂಭವು ಎರಡು ಮೀಟರ್ ಮೂವತ್ತರ ಸುಮಾರಿಗೆ ಬರುವುದು. ಶಹಾಬಾದಿ ಕಲ್ಲನ್ನು ಇಡಬೇಕಾದದ್ದು ಐದು ಮೀಟರನ್ನೂ ದಾಟಿ! ಎಲುಬುಳ್ಳ ಪ್ರಾಣಿಯೇ ಇಲ್ಲದಿದ್ದ ಕಾಲದಲ್ಲಿ ಸಮುದ್ರದ ತಳದಲ್ಲಿ ಕೂತ ಕಲ್ಲು ಅದು. ನಮ್ಮ ಗಣಿಯಲ್ಲಿ ಡೈನೋಸಾರ್ ಏಕೆ ಸಿಕ್ಕದೆಂಬುದಕ್ಕೆ ಇದೇ ಉತ್ತರವು. ನಮ್ಮ ಹಾಸುಗಲ್ಲು ಅವುಗಳಿಗಿಂತಲೂ ಹಿರಿಯದು.

5. ದೇಶ. ಮಾರಾಟಕ್ಕೆ ಬರುವ ಬೊಂಬೆಗಳಲ್ಲಿ ಹೆಚ್ಚಿನವು ಅಮೇರಿಕದ ಪ್ರಾಣಿಗಳವು. ಹೀಗಾಗಿ ನಮ್ಮ ದೇಶದಲ್ಲಿ ಡೈನೋಸಾರ್‌ಗಳೇ ಇರಲಿಲ್ಲವೆಂದು ಮಕ್ಕಳು ಭಾವಿಸುವರು. ಅದು ಸರಿಯಲ್ಲ. ಗೋದಾವರಿಯ ಕಣಿವೆಯಲ್ಲಿ ದೊರೆತು 1975ರಲ್ಲಿ ಹೆಸರಿಡಲ್ಪಟ್ಟ ಬರಪಾಸಾರಸ್ ಸುಮಾರು 14 ಮೀಟರ್ ಉದ್ದದ ಸಸ್ಯಾಹಾರಿಯು. ಬಂಗಾಳಿಯಲ್ಲಿ ದೊಡ್ಡ ಕಾಲೆಂಬುದು ಅದರ ಅರ್ಥವು; ಹೆಸರಿನ ಉತ್ತರಾರ್ಧವು ಕವಿ ರವೀಂದ್ರನಾಥ ಠಾಕೂರರ ಗೌರವಾರ್ಥವಾದುದು. ಅದರ ಅಸ್ಥಿಪಂಜರವನ್ನು ಕಲಕತ್ತೆಯ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ನಿಲ್ಲಿಸಿದ್ದಾರೆ. ಅದೇ ಕಣಿವೆಯ ಯಾಮನಪಲ್ಲಿಯ ಕೋಟಾಸಾರಸ್ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ಚಿತ್ತಾಪುರ, ಸೇಡಂಗಳ ಮೂಲಕ ಹೋಗುವ ರೈಲಿನಲ್ಲಿ ಅಲ್ಲಿಗೆ ತಲಪಬಹುದು. ಗುಜರಾತಿನ ರಹಿಯೋಲಿಯಲ್ಲಿ ದೊರೆತ ಮಾಂಸಾಹಾರಿ ರಾಜಾಸಾರಸ್‌ಗೆ 2003ರಲ್ಲಿ ಹೆಸರಾಯಿತು. ಅದರ ನೆತ್ತಿಯ ಮೇಲೆ ಗಿಡ್ಡ ಕೊಂಬುಂಟು. ಇವುಗಳ ಬೊಂಬೆ ದೊರೆಯದಿದ್ದರೆ ಜೇಡಿಮಣ್ಣಿನಿಂದ ಮಾಡಿರಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವ ಕೈಗಳಿಗೆ ಇದು ಕಠಿಣವಲ್ಲ.

ಕೊನೆಯದಾಗಿ, ಪ್ರತಿಯೊಂದು ಬೊಂಬೆಗೂ ಎರಡು ಸಾಲುಗಳ ಚೀಟಿ ಇರಲಿ: ಒಂದರಲ್ಲಿ "ದೊರೆತದ್ದು", ಇನ್ನೊಂದರಲ್ಲಿ "ಊಹಿಸಿದ್ದು". ಬರಪಾಸಾರಸ್‌ನ ಕಾಲೆಲುಬುಗಳು ದೊರೆತವು. ತಲೆಬುರುಡೆಯು ದೊರೆಯಲಿಲ್ಲ, ಕೆಲವು ಹಲ್ಲುಗಳು ಮಾತ್ರ ಸಿಕ್ಕವು. ಆದುದರಿಂದ ಅದರ ಬೊಂಬೆಯ ಮುಖವು ಊಹೆಯೇ. ಬಣ್ಣವೂ ಬಹುತೇಕ ಊಹೆಯೇ. ಗರಿಗಳು ಕಲ್ಲಾಗಿ ಉಳಿದ ಚೀನಾ ದೇಶದ ಕೆಲವು ಚಿಕ್ಕ ಜಾತಿಗಳ ಬಣ್ಣವು 2010ರಿಂದೀಚೆಗೆ ತಿಳಿದುಬಂದಿದೆ. ಕೊಳ್ಳುವಾಗ ಐ.ಎಸ್.ಐ. ಗುರುತನ್ನೂ ನೋಡಿರಿ, 2021ರ ಜನವರಿ 1ರಿಂದ ಆಟದ ಸಾಮಾನುಗಳಿಗೆ ಅದು ಕಡ್ಡಾಯವು.

ಪ್ರಿಯ ವಿದ್ಯಾರ್ಥಿನಿಯರೇ, ಕಪಾಟು ತುಂಬಿತೆಂಬುದು ಹೆಮ್ಮೆಯಲ್ಲ. ಇದು ಬಲ್ಲೆವು, ಇದು ಅರಿಯೆವು ಎಂದು ಬೇರ್ಪಡಿಸಿ ಹೇಳಬಲ್ಲ ಆರು ಬೊಂಬೆಗಳು, ಹಾಗೆ ಹೇಳಲಾರದ ಅರವತ್ತಕ್ಕಿಂತ ಮೇಲು.

ಅಭ್ಯಾಸ: (1) 14 ಮೀಟರಿನ ಬರಪಾಸಾರಸ್, ನಲವತ್ತನೆಯ ಒಂದಂಶದ ಪ್ರಮಾಣದಲ್ಲಿ ಎಷ್ಟು ಉದ್ದವಾಗುವುದು? (2) ನಿಮ್ಮ ಮನೆಯ ಹಾಸುಗಲ್ಲಿನಲ್ಲಿ ಡೈನೋಸಾರ್‌ನ ಎಲುಬು ಏಕೆ ಇರಲಾರದು? (3) ನಿಮ್ಮಲ್ಲಿರುವ ಒಂದು ಬೊಂಬೆಗೆ ಎರಡು ಸಾಲುಗಳ ಚೀಟಿಯನ್ನು ಬರೆಯಿರಿ.