ಕಿರಿಯ ವೈದ್ಯರು ಮತ್ತು ದಾದಿಯರಲ್ಲಿ ಆತಂಕ: ಕಾರಣ ಮತ್ತು ಪರಿಹಾರ

ಮಹಾನಗರದ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯ ವೇಳೆ ವಾರ್ಡಿನ ಹೊಣೆಯನ್ನು ಬಹುಮಟ್ಟಿಗೆ ಹೊರುವವರು ಎಳೆಯ ವಯಸ್ಸಿನ ದಾದಿಯರು ಮತ್ತು ರೆಸಿಡೆಂಟ್ ವೈದ್ಯರು. ಊರು ಬಿಟ್ಟು ಬಂದ ಕನ್ನಡದ ಮಕ್ಕಳೂ ಅವರಲ್ಲಿದ್ದಾರೆ. ರೋಗಿಗೆ ಧೈರ್ಯ ಹೇಳುವ ಇವರೇ ಆತಂಕದಿಂದ ಬಳಲುವುದುಂಟು. ಇದನ್ನು ಸ್ವಭಾವದ ದೌರ್ಬಲ್ಯವೆಂದು ಭಾವಿಸುವುದು ತಪ್ಪು. ಇದರ ಬೇರುಗಳು ಹೆಚ್ಚಾಗಿ ಕೆಲಸದ ಏರ್ಪಾಟಿನಲ್ಲಿಯೇ ಇವೆ.

ಆತಂಕದ ಸ್ವರೂಪ

ಅಪಾಯ ಎದುರಾದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಎದೆಬಡಿತವನ್ನು ಹೆಚ್ಚಿಸುತ್ತದೆ, ಸ್ನಾಯುಗಳು ಬಿಗಿಯುತ್ತವೆ. ತುರ್ತು ಚಿಕಿತ್ಸೆಯ ವೇಳೆ ಇದು ಉಪಕಾರಿಯೇ ಸರಿ. ಆದರೆ ಪಾಳಿ ಮುಗಿದ ಮೇಲೂ ಈ ಉದ್ವೇಗ ಇಳಿಯದೆ, ಕೊಟ್ಟ ಔಷಧಿಯ ಪ್ರಮಾಣ ಸರಿಯಾಗಿತ್ತೇ ಎಂಬ ಶಂಕೆ ಮತ್ತೆ ಮತ್ತೆ ಕಾಡಿದರೆ ಎಚ್ಚರ ವಹಿಸಬೇಕು. ಆಯಾಸವು ವಿಶ್ರಾಂತಿಯಿಂದ ಕಳೆಯುತ್ತದೆ. ಆತಂಕವು ರಜೆಯ ದಿನವೂ ಬಿಡದು.

ಕಾರಣಗಳು

ಮೊದಲನೆಯದು ನಿದ್ರಾಭಂಗ. ದೇಹದ ಒಳಗಡಿಯಾರವು ಬೆಳಕು ಕತ್ತಲೆಗಳನ್ನು ಅನುಸರಿಸಿ ನಡೆಯುತ್ತದೆ. ಪಾಳಿಗಳು ಪದೇ ಪದೇ ಬದಲಾದರೆ ಅದು ಹೊಂದಿಕೊಳ್ಳಲಾರದು. ನಿದ್ದೆಗೆಟ್ಟ ಮನಸ್ಸಿಗೆ ಸಣ್ಣ ವಿಷಯವೂ ಭೀತಿಯನ್ನುಂಟುಮಾಡುತ್ತದೆ. ಎಚ್ಚರವಿರಲೆಂದು ಕುಡಿಯುವ ಚಹಾ ಕಾಫಿಗಳು ಉದ್ವೇಗವನ್ನು ಮತ್ತಷ್ಟು ಕೆರಳಿಸುತ್ತವೆ.

ಎರಡನೆಯದು, ಅಧಿಕಾರವಿಲ್ಲದ ಹೊಣೆ. ರೋಗಿಯ ಸ್ಥಿತಿ ಬಿಗಡಾಯಿಸಿದುದನ್ನು ಮೊದಲು ಕಾಣುವವರು ಕಿರಿಯರು, ನಿರ್ಧಾರ ಹಿರಿಯರದು. ಕೇಳಿದರೆ ಗದರುವರೆಂಬ ಅಂಜಿಕೆ, ಕೇಳದಿದ್ದರೆ ಪ್ರಮಾದವಾದೀತೆಂಬ ಭಯ.

ಮೂರನೆಯದು ಅಸುರಕ್ಷಿತತೆ. ರೋಗಿಯ ಬಂಧುಗಳ ಸಿಟ್ಟಿಗೆ ಮೊದಲು ಗುರಿಯಾಗುವವರು ಇವರೇ. 2024ರ ಆಗಸ್ಟ್ ತಿಂಗಳಲ್ಲಿ ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯ ಅತ್ಯಾಚಾರ ಮತ್ತು ಕೊಲೆ ದೇಶವನ್ನೇ ಕಲಕಿತು.

ಹೊರನಾಡಿಗರಿಗೆ ಇವುಗಳೊಡನೆ ಪರಭಾಷೆ, ಹಾಸ್ಟೆಲಿನ ಒಂಟಿತನ, ಊರಿಗೆ ಹಣ ಕಳುಹಿಸುವ ಭಾರವೂ ಕೂಡಿಕೊಳ್ಳುತ್ತವೆ.

ಪರಿಹಾರ

ರೆಸಿಡೆಂಟರ ಸತತ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದೆಂದು 1992ರ ಕೇಂದ್ರ ರೆಸಿಡೆನ್ಸಿ ಯೋಜನೆ ಹೇಳಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಯ ಮಿತಿಯನ್ನು ಶಿಫಾರಸು ಮಾಡಿತು. ಇಂತಹ ಮಿತಿಗಳನ್ನು ಕಾರ್ಯರೂಪಕ್ಕೆ ತರುವುದು ಆಸ್ಪತ್ರೆಗಳ ಕರ್ತವ್ಯ.

ಮನೆಯವರ ಪಾಲೂ ಇದೆ. ರಾತ್ರಿಪಾಳಿ ಮುಗಿಸಿ ಬಂದವರಿಗೆ ಕತ್ತಲ ಕೋಣೆ, ಅಡ್ಡಿಯಿಲ್ಲದ ನಿದ್ದೆ ದೊರೆಯಲಿ. ಅತಿಥಿಗಳು ಬಂದರೆಂದು ಎಬ್ಬಿಸಬಾರದು. "ಎಲ್ಲರೂ ಮಾಡುವ ಕೆಲಸವೇ ತಾನೇ" ಎನ್ನದೆ ಅವರ ಮಾತನ್ನು ಸಾವಧಾನವಾಗಿ ಕೇಳಬೇಕು.

ಔಷಧಿ ಕೈಗೆಟುಕುವಂತಿರುವುದರಿಂದ ತಾವೇ ನಿದ್ರೆಯ ಗುಳಿಗೆ ನುಂಗುವ ಅಭ್ಯಾಸ ಇವರಿಗೆ ವಿಶೇಷ ಅಪಾಯಕರ. ಕೆಲವು ಗುಳಿಗೆಗಳು ಚಟವಾಗಿ ಪರಿಣಮಿಸುತ್ತವೆ. ತೊಂದರೆ ವಾರಗಟ್ಟಲೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕು. ಮಾತಿನ ಚಿಕಿತ್ಸೆ ಮತ್ತು ಯೋಗ್ಯ ಔಷಧಿಗಳಿಂದ ಆತಂಕ ಹತೋಟಿಗೆ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಲಭ್ಯ. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಪರರ ನೋವಿಗೆ ಔಷಧಿ ಕೊಡುವವರು ತಮ್ಮ ನೋವಿಗೆ ಔಷಧಿ ಕೇಳಲು ಸಂಕೋಚಪಡಬೇಕಾಗಿಲ್ಲ.