ಆನುವಂಶಿಕ ರೋಗವೂ ನಾಯಿಯ ವಿಮೆಯೂ

"ಹುಟ್ಟುಗುಣ ಸುಟ್ಟರೂ ಹೋಗದು" ಎಂಬ ಗಾದೆಯನ್ನು ಮನುಷ್ಯರ ಸ್ವಭಾವಕ್ಕೆ ಹೇಳುವುದು ವಾಡಿಕೆ. ಶುದ್ಧ ತಳಿಯ ನಾಯಿಗಳ ಕೆಲವು ರೋಗಗಳಿಗೆ ಅದು ಅಕ್ಷರಶಃ ಸಲ್ಲುತ್ತದೆ. ತಾಯಿತಂದೆಗಳಿಂದ ಇಳಿದು ಬಂದ ರೋಗಕ್ಕೆ ವಿಮೆಯ ರಕ್ಷಣೆ ದೊರೆಯುವುದೆ? ದೊರೆಯುವುದಾದರೆ ಎಂತಹ ಪಾಲಿಸಿಯನ್ನು ಆರಿಸಬೇಕು? ವಿಮೆಯ ತತ್ತ್ವವನ್ನು ಓದುವಾಗ ನನ್ನಲ್ಲಿ ಎದ್ದ ಈ ಪ್ರಶ್ನೆಯನ್ನು, ನಾಯಿಗಳ ವಿಮೆ ಬಹಳವಾಗಿ ಬಳಕೆಯಲ್ಲಿರುವ ಬ್ರಿಟನ್ನಿನ ಒಂದು ತಳಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿಚಾರಿಸಿದ್ದೇನೆ.

ಆ ತಳಿಯ ಹೆಸರು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ನೀಳವಾದ ಕಿವಿ, ದೊಡ್ಡ ಕಣ್ಣು, ಮಡಿಲಲ್ಲಿ ಕೂರುವಷ್ಟು ಗಾತ್ರ, ಸೌಮ್ಯ ಸ್ವಭಾವ. 1928ರಲ್ಲಿ ಈ ತಳಿಗಾಗಿ ಒಂದು ಸಂಘ ಹುಟ್ಟಿತು. 1945ರಲ್ಲಿ ಅಲ್ಲಿಯ ಕೆನೆಲ್ ಕ್ಲಬ್ ಇದನ್ನು ಪ್ರತ್ಯೇಕ ತಳಿಯೆಂದು ಮನ್ನಿಸಿತು. ಕೆಲವೇ ನಾಯಿಗಳಿಂದ ಬೆಳೆದ ವಂಶವಾದುದರಿಂದ ಗುಣಗಳೊಡನೆ ದೋಷಗಳೂ ಹರಡಿದವು. ಅವುಗಳಲ್ಲಿ ಮುಖ್ಯವಾದವು ಎರಡು. ಹೃದಯದ ಮೈಟ್ರಲ್ ಕವಾಟವು ದಪ್ಪಗಾಗಿ, ಸರಿಯಾಗಿ ಮುಚ್ಚದೆ, ರಕ್ತವು ಹಿಂದಕ್ಕೆ ಸೋರುವುದು ಒಂದು. ಈ ಸೋರಿಕೆಯ ಮರ್ಮರ ಶಬ್ದವು ಐದು ವರ್ಷದ ಹೊತ್ತಿಗೆ ಸುಮಾರು ಅರ್ಧದಷ್ಟು ಕ್ಯಾವಲಿಯರ್‌ಗಳಲ್ಲಿ ಕೇಳಿಸುತ್ತದೆ. ಹತ್ತು ವರ್ಷ ತಲಪುವಷ್ಟರಲ್ಲಿ ಬಹುಮಟ್ಟಿಗೆ ಎಲ್ಲವುಗಳಲ್ಲಿಯೂ ಕೇಳಿಸುತ್ತದೆ. ಇನ್ನೊಂದು ಸಿರಿಂಗೋಮೈಲಿಯ. ತಲೆಬುರುಡೆಯು ಮಿದುಳಿಗೆ ಸಾಲದಷ್ಟು ಕಿರಿದಾಗಿ, ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳು ಉಂಟಾಗುತ್ತವೆ. ನಾಯಿ ನೋವಿನಿಂದ ಕೂಗುವುದೂ, ಕತ್ತಿನ ಬಳಿ ಬರಿಯ ಗಾಳಿಯನ್ನು ಕೆರೆಯುವುದೂ ಉಂಟು. ಇದನ್ನು ಖಚಿತಪಡಿಸಿಕೊಳ್ಳಲು ದುಬಾರಿಯಾದ ಎಂ.ಆರ್.ಐ. ಚಿತ್ರವೇ ಬೇಕು.

ಇವು ಒಮ್ಮೆ ಬಂದು ವಾಸಿಯಾಗುವ ರೋಗಗಳಲ್ಲ. ಹೃದಯ ಹಿಗ್ಗಿದ್ದರೂ ಇನ್ನೂ ಸೋತಿರದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಔಷಧಿಯನ್ನು ಕೊಟ್ಟರೆ ಹೃದಯದ ಸೋಲು ಸುಮಾರು 15 ತಿಂಗಳು ಮುಂದೆ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ದೊಡ್ಡದೊಂದು ಪ್ರಯೋಗ ತೋರಿಸಿತು. ಇದು ಶುಭವಾರ್ತೆಯೇ. ಆದರೆ ಆ ಔಷಧಿಯನ್ನು ಬದುಕಿರುವವರೆಗೆ ಪ್ರತಿದಿನವೂ ಕೊಡಬೇಕು. ಎಂದಮೇಲೆ ಖರ್ಚೂ ಬದುಕಿರುವವರೆಗೆ ಬರುವಂಥದು.

ಇಲ್ಲಿ ವಿಮೆಯ ಮೂಲತತ್ತ್ವವನ್ನು ನೆನೆಯಬೇಕು. ವಿಮೆ ಇರುವುದು ಅನಿಶ್ಚಿತ ನಷ್ಟಕ್ಕೆ, ಆಗಿಹೋದ ನಷ್ಟಕ್ಕಲ್ಲ. ರೋಗ ಕಂಡಮೇಲೆ ಪಾಲಿಸಿ ಕೊಳ್ಳಬಹುದಾಗಿದ್ದರೆ ರೋಗಿಷ್ಠ ನಾಯಿಗಳ ಒಡೆಯರೇ ಕೊಳ್ಳುತ್ತಿದ್ದರು, ಕಂಪನಿ ಮುಳುಗುತ್ತಿತ್ತು. ಆದುದರಿಂದ "ಮೊದಲೇ ಇದ್ದ ರೋಗ"ವನ್ನು ಕಂಪನಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಆದರೆ ಆನುವಂಶಿಕ ರೋಗ ಹುಟ್ಟಿನಿಂದಲೇ ಇದೆಯಲ್ಲವೆ ಎಂದು ಕೇಳಬಹುದು. ಆನುವಂಶಿಕ ರೋಗಕ್ಕೂ ರಕ್ಷಣೆ ಕೊಡುವ ಪಾಲಿಸಿಗಳು ಬೀಜವನ್ನು ಲೆಕ್ಕಿಸುವುದಿಲ್ಲ, ಲಕ್ಷಣವನ್ನು ಲೆಕ್ಕಿಸುತ್ತವೆ. ಬೀಜಕ್ಕೂ ಲಕ್ಷಣಕ್ಕೂ ನಡುವಿನ ಕಾಲವೇ ವಿಮೆ ಮಾಡಿಸತಕ್ಕ ಕಾಲ. ವೈದ್ಯರು ಲಸಿಕೆಗೆಂದು ಬಂದ ನಾಯಿಯ ಎದೆಗೆ ಸ್ಟೆತಾಸ್ಕೋಪು ಇಟ್ಟು, "ಸಣ್ಣ ಮರ್ಮರವಿದೆ" ಎಂದು ಬರೆದುಕೊಂಡರೆ, ನಾಯಿ ಕುಣಿದಾಡುತ್ತಿದ್ದರೂ ಅಲ್ಲಿಗೆ ಆ ಬಾಗಿಲು ಮುಚ್ಚಿದಂತೆಯೇ. ಪಾಲಿಸಿ ಕೊಂಡಮೇಲೂ ಮೊದಲ ಕೆಲವು ದಿನ, ರೋಗಗಳಿಗೆ ಸಾಮಾನ್ಯವಾಗಿ 14 ದಿನ, ರಕ್ಷಣೆ ಇರುವುದಿಲ್ಲ. ಆದ್ದರಿಂದ ಮರಿ ಮನೆಗೆ ಬಂದೊಡನೆಯೇ ಈ ಕೆಲಸವಾಗಬೇಕು.

ಇನ್ನು ಪಾಲಿಸಿಯ ಬಗೆ. ಬ್ರಿಟನ್ನಿನಲ್ಲಿ ನಾಲ್ಕು ಬಗೆಗಳುಂಟು. ಅಪಘಾತಕ್ಕೆ ಮಾತ್ರ ಕೊಡುವುದು ನಮ್ಮ ವಿಷಯಕ್ಕೆ ನಿರುಪಯೋಗಿ. ಉಳಿದ ಮೂರನ್ನು ಒಂದು ಲೆಕ್ಕದಿಂದ ಹೋಲಿಸೋಣ. ನಾಯಿಯ ಆರನೆಯ ವರ್ಷದಲ್ಲಿ ಮರ್ಮರ ಕೇಳಿಸಿತು. ಏಳರಲ್ಲಿ ಔಷಧಿ ಆರಂಭವಾಯಿತು. ಹನ್ನೊಂದರವರೆಗೆ ಅದು ಬದುಕಿತು. ವರ್ಷಕ್ಕೆ 800 ಪೌಂಡು ಖರ್ಚಾಯಿತು ಎಂದಿಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಒಟ್ಟು 3,200 ಪೌಂಡು. ಕಾಲಮಿತಿಯ ಪಾಲಿಸಿ ಪ್ರತಿಯೊಂದು ರೋಗಕ್ಕೂ 12 ತಿಂಗಳು ಮಾತ್ರ ಕೊಡುತ್ತದೆ. ಹಲವು ಪಾಲಿಸಿಗಳಲ್ಲಿ ಆ ಎಣಿಕೆ ಮೊದಲ ಲಕ್ಷಣ ಕಂಡ ದಿನದಿಂದಲೇ ಆರಂಭ. ಹಾಗಾದರೆ ಔಷಧಿ ಆರಂಭವಾಗುವಷ್ಟರಲ್ಲಿ ಅವಧಿಯೇ ತೀರಿತು! ರೋಗವೊಂದಕ್ಕೆ ಗರಿಷ್ಠ ಮೊತ್ತ 2,500 ಪೌಂಡು ಎಂದು ಗೊತ್ತುಮಾಡಿದ ಪಾಲಿಸಿಯಾದರೆ ಉಳಿದ 700 ಒಡೆಯನ ಮೇಲೆ. ಜೀವಿತಾವಧಿ ಪಾಲಿಸಿಯಲ್ಲಿ ಮಾತ್ರ, ತಪ್ಪದೆ ನವೀಕರಿಸಿದರೆ, ಮೊತ್ತವು ಪ್ರತಿವರ್ಷವೂ ಹೊಸದಾಗಿ ತುಂಬಿಕೊಳ್ಳುತ್ತದೆ. ಒಡೆಯನು ಪ್ರತಿವರ್ಷ ಕೈಯಿಂದ ಕೊಡತಕ್ಕ ಒಂದು ಮೊತ್ತವನ್ನು ಕಳೆದು ಮಿಕ್ಕದ್ದು ದೊರೆಯುತ್ತದೆ.

ಇದಕ್ಕೂ ಬೆಲೆಯುಂಟು. ಇದರ ಪ್ರೀಮಿಯಂ ಹೆಚ್ಚು; ನಾಯಿಯ ವಯಸ್ಸಿನೊಡನೆ ಅದೂ ಏರುತ್ತದೆ. ಮುಪ್ಪಿನಲ್ಲಿ ಖರ್ಚಿನ ಒಂದು ಪಾಲನ್ನು ಒಡೆಯನೇ ಹೊರಬೇಕೆಂಬ ಕರಾರೂ ಇರುವುದುಂಟು. ಬೇಸತ್ತು ಕಂಪನಿ ಬದಲಿಸಿದರೆ, ಹೊಸ ಕಂಪನಿಗೆ ಹಳೆಯ ಮರ್ಮರ "ಮೊದಲೇ ಇದ್ದ ರೋಗ"ವಾಗುತ್ತದೆ. ಹೀಗಿರಲು ಮೊದಲನೆಯ ಆಯ್ಕೆಯೇ ಬಹುಮಟ್ಟಿಗೆ ಕೊನೆಯ ಆಯ್ಕೆ. ಆ ಹಣವನ್ನು ಬ್ಯಾಂಕಿನಲ್ಲಿ ಕೂಡಿಡಬಾರದೆ ಎಂದರೆ, ನಾಯಿ ಮುದಿಯಾಗುವವರೆಗೆ ನೆಟ್ಟಗಿದ್ದರೆ ಅದೂ ಸರಿಯೇ. ಎರಡನೆಯ ವರ್ಷದಲ್ಲೇ ಬೆನ್ನುಹುರಿಯ ನೋವು ಬಂದರೆ ಕೂಡಿಟ್ಟದ್ದು ಸಾಲದು. ಆಗ ಹಣವಿಲ್ಲವೆಂಬ ಒಂದೇ ಕಾರಣಕ್ಕೆ ವಾಸಿಯಾಗದ, ಆದರೆ ಶಮನ ಮಾಡಬಹುದಾದ ನೋವಿನ ಪ್ರಾಣಿಯನ್ನು ಕೊಲ್ಲಿಸಬೇಕಾದ ಪ್ರಸಂಗ ಒದಗಬಹುದು.

ವಿಮೆ ಖರ್ಚನ್ನು ಹಂಚುತ್ತದೆ, ರೋಗವನ್ನು ತಡೆಯುವುದಿಲ್ಲ. ತಡೆಯುವ ಕೆಲಸ ತಳಿ ಬೆಳೆಸುವವರದು. ಮರಿಯ ತಾಯಿತಂದೆಗಳ ಹೃದಯವನ್ನು ಯಾವ ವಯಸ್ಸಿನಲ್ಲಿ ಪರೀಕ್ಷಿಸಿದರು, ಅಜ್ಜ ಅಜ್ಜಿಯ ಹೃದಯ ಐದು ವರ್ಷದಲ್ಲಿ ಹೇಗಿತ್ತು ಎಂದು ಕೊಳ್ಳುವವನು ಕೇಳಬೇಕು. ನಾರ್ವೆಯ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ, ಕ್ಯಾವಲಿಯರ್‌ಗಳನ್ನು ಈಗಿನ ರೀತಿಯಲ್ಲಿ ತಮ್ಮತಮ್ಮೊಳಗೇ ಬೆಳೆಸುವುದು ಪ್ರಾಣಿಕಲ್ಯಾಣದ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ನಮ್ಮ ಊರುಗಳಲ್ಲಿ ಲ್ಯಾಬ್ರಡಾರ್ ಸಾಕುವವರು ಅನೇಕರಿದ್ದಾರೆ; ಅದಕ್ಕೂ ಸೊಂಟದ ಕೀಲಿನ ಆನುವಂಶಿಕ ದೋಷ ಉಂಟು. ಅವರೂ ಪಾಲಿಸಿಗೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳನ್ನು ಕೇಳುವುದೊಳ್ಳೆಯದು: ಆನುವಂಶಿಕ ರೋಗ ಇದರಲ್ಲಿ ಸೇರಿದೆಯೆ? ಒಂದೇ ರೋಗಕ್ಕೆ ಎಷ್ಟು ವರ್ಷ ಕೊಡುತ್ತೀರಿ? ಮೊತ್ತ ವರ್ಷವರ್ಷವೂ ಹೊಸದಾಗುವುದೆ? ಒಂದು ಕಾಲಿನ ಕೀಲು ಕೆಟ್ಟಿದ್ದರೆ ಇನ್ನೊಂದನ್ನೂ ಹೊರಗಿಡುವಿರಾ? ಉತ್ತರವನ್ನು ಏಜೆಂಟರ ಬಾಯಿಂದ ಕೇಳಿ ತೃಪ್ತರಾಗದೆ, ಕರಾರುಪತ್ರದ ಸಣ್ಣಕ್ಷರಗಳಲ್ಲಿ ಓದಿ ತಿಳಿದುಕೊಳ್ಳಬೇಕೆಂಬುದೇ ನನ್ನ ಅಭಿಪ್ರಾಯ.